ಅಳತೆಯ ನೀರು

ನನ್ನ ತವರು ನಿಪ್ಪಾಣಿ ಕಡೆಯ ಅಕ್ಕೋಳ. ಮದುವೆಯಾಗಿ ಜುಗೂಳಕ್ಕೆ ಬಂದೆ. ನಮ್ಮ ಕಬ್ಬಿನ ಹೊಲ ಮುಗಿಯುವಲ್ಲಿ ಕೃಷ್ಣೆ ಶುರುವಾಗುತ್ತಾಳೆ. ಆಚೆ ದಂಡೆ ಮಹಾರಾಷ್ಟ್ರ. ಇಂಥ ಊರಿನಲ್ಲಿ ಯಾರೂ ನೀರಿಗಾಗಿ ಹಂಬಲಿಸುವುದಿಲ್ಲ. ಮಳೆಗಾಲದಲ್ಲಿ ಹೊಳೆ ಇಳಿದರೆ ಸಾಕೆಂದು ಕೈಮುಗಿಯುವವರೇ ಎಲ್ಲ. ನಾನೂ ಹಾಗೆಯೇ ಇದ್ದೆ.

ಆ ವರ್ಷ ಹೊಳೆ ಹೊಲದೊಳಗೆ ಬಂದು ಕೆಲವು ದಿನ ನಿಂತು ಹಿಂದೆ ಸರಿಯಿತು. ಎಮ್ಮೆಗಳಿಗೆ ಮೇವು ಬೇಕಿತ್ತು. ಮೊಣಕಾಲುದ್ದ ರಾಡಿಯಲ್ಲಿ ನಿಂತು ಹುಲ್ಲು ಕೊಯ್ದು ತಂದೆ. ಹಿಮ್ಮಡಿ ಒಡೆದು ಸೀಳಾಗಿತ್ತು, ಉರಿಯುತ್ತಿತ್ತು. ಅದನ್ನೆಲ್ಲ ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ? ಆಮೇಲೆ ಜ್ವರ ಬಂತು. ಮೀನಖಂಡ ಹಿಂಡಿದಂತೆ ನೋವು. ಮಳೆಯ ಜ್ವರವೆಂದುಕೊಂಡು ಗುಳಿಗೆ ನುಂಗಿ ಕಂಬಳಿ ಹೊದ್ದು ಮಲಗಿದೆ.

ಪಕ್ಕದ ಮನೆಯ ಬಾಣಂತಿಯನ್ನು ನೋಡಲು ಬಂದ ಆಶಾ ಕಾರ್ಯಕರ್ತೆ ನಮ್ಮ ಬಾಗಿಲಲ್ಲೂ ಇಣುಕಿದಳು. ಹತ್ತಿರ ಬಂದು ನನ್ನ ಕಣ್ಣಿನ ರೆಪ್ಪೆ ಎಳೆದು ನೋಡಿದಳು.

"ಅಕ್ಕಾರ, ಕಣ್ಣು ಅರಿಶಿಣದಂಗ ಆಗ್ಯಾವ್ರಿ. ಒಂದಕ್ಕ ಹೋಗಿ ಎಷ್ಟೊತ್ತಾತು?"

ನೆನಪು ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ. ಅವಳು ಮತ್ತೇನೂ ಕೇಳದೆ ಹೊಸ್ತಿಲಲ್ಲೇ ನಿಂತು ಆಂಬುಲೆನ್ಸಿಗೆ ಫೋನು ಮಾಡಿದಳು.

ಬೆಳಗಾವಿಯ ಸರಕಾರಿ ಆಸ್ಪತ್ರೆಯಲ್ಲಿ ಕಳೆದ ದಿನಗಳು ನನಗೆ ತುಂಡುತುಂಡಾಗಿ ನೆನಪಿವೆ. ಇಲಿಜ್ವರವೆಂದರು; ಇಲಿಯ ಮೂತ್ರ ಬೆರೆತ ರಾಡಿನೀರು ಒಡೆದ ಹಿಮ್ಮಡಿಯಿಂದ ಒಳಹೊಕ್ಕಿದೆಯಂತೆ. ಕಿಡ್ನಿ ಎರಡೂ ಕೆಲಸ ನಿಲ್ಲಿಸಿವೆ ಎಂದರು. ಕೋಲಿಗೆ ತೂಗುಹಾಕಿದ ಚೀಲದಿಂದ ಯಾರದೋ ರಕ್ತ ಹನಿಹನಿಯಾಗಿ ನನ್ನೊಳಗೆ ಇಳಿಯುತ್ತಿತ್ತು. ಕೊಟ್ಟವರು ಯಾವ ಊರಿನವರೋ, ಯಾವ ಮನೆಯವರೋ. ಎಚ್ಚರವಾದಾಗಲೆಲ್ಲ ಆ ಚೀಲವನ್ನೇ ನೋಡುತ್ತಿದ್ದೆ. ಡಾಕ್ಟರು ನನ್ನ ಗಂಡನಿಗೆ ಹೇಳಿದ್ದು ಮಾತ್ರ ಸ್ಪಷ್ಟವಾಗಿ ಕೇಳಿಸಿತ್ತು: "ಕಿಡ್ನಿ ದಣದಾವ. ಸತ್ತಾವ ಅಂತ ಈಗ ಹೇಳಾಕ ಬರಂಗಿಲ್ಲ. ಅವು ಎಚ್ಚರಾಗೂತನಕ ಡಯಾಲಿಸಿಸ್ ಮಾಡಸೂಣು."

ಜೀವಕ್ಕೆ ಅಪಾಯವಿಲ್ಲ ಎಂದಾದ ಮೇಲೆ ಮನೆಗೆ ಕಳಿಸಿದರು. ಅಲ್ಲಿಂದ ಮುಂದೆ ವಾರಕ್ಕೆ ಮೂರು ಸಲ ಅಥಣಿಯ ಸರಕಾರಿ ಆಸ್ಪತ್ರೆಗೆ ಹೋಗಬೇಕಾಯಿತು. ಕುತ್ತಿಗೆಯಲ್ಲಿ ನಳಿಗೆ, ಅದರ ಮೇಲೆ ಬಿಳಿ ಪಟ್ಟಿ, ಪಟ್ಟಿಯ ಮೇಲೆ ಸೆರಗು. ಬೆಳಗಿನ ಬಸ್ಸಿನಲ್ಲಿ ಕಾಗವಾಡ, ಅಲ್ಲಿ ಬಸ್ಸು ಬದಲಿಸಿ ಅಥಣಿ. ನಾನು ಆಧಾರ್ ಕಾರ್ಡು ತೋರಿಸುತ್ತಿದ್ದೆ, ಗಂಡ ಟಿಕೀಟು ತೆಗೆಸುತ್ತಿದ್ದರು. ಕುತ್ತಿಗೆಯ ಪಟ್ಟಿ ಕಂಡವರು ಎದ್ದು ಜಾಗ ಕೊಡುತ್ತಿದ್ದರು. ಒಬ್ಬರು ಕನ್ನಡದಲ್ಲಿ ಕೇಳಿದರೆ ಇನ್ನೊಬ್ಬರು ಮರಾಠಿಯಲ್ಲಿ ಉತ್ತರಿಸುವ ಆ ಬಸ್ಸಿನಲ್ಲಿ ಕಬ್ಬಿನ ದರ, ಕ್ರಿಕೆಟ್ಟು, ಮಕ್ಕಳ ಪರೀಕ್ಷೆ ಎಲ್ಲವೂ ನಡೆಯುತ್ತಿತ್ತು. ಲೋಕವೆಲ್ಲ ತನ್ನ ಕೆಲಸಕ್ಕೆ ಹೊರಟಿದೆ, ನಾನೊಬ್ಬಳೇ ಹೊರಗುಳಿದೆ ಅನ್ನಿಸುತ್ತಿತ್ತು. ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ರಸ್ತೆ ದಾಟುವ ಹೆಂಗಸನ್ನು ಕಿಟಕಿಯಿಂದ ಕಂಡರೆ ಮರೆಯಾಗುವತನಕ ನೋಡುತ್ತಿದ್ದೆ.

ಎಲ್ಲಕ್ಕಿಂತ ಕಠಿಣವಾಗಿದ್ದು ನೀರು. ಕುಡಿದದ್ದು ಹೊರಹೋಗುವುದಿಲ್ಲವಾದ್ದರಿಂದ ಕುಡಿಯಲೇಬಾರದು. ದಿನಕ್ಕೆ ಇಷ್ಟು ಎಂದು ಅಳತೆ. ಅತ್ತೆ ಬೆಳಿಗ್ಗೆ ಸ್ಟೀಲಿನ ತಂಬಿಗೆಯಲ್ಲಿ ಅದನ್ನು ತುಂಬಿ ದೇವರ ಜಗುಲಿಯ ಪಕ್ಕ ಇಡುತ್ತಿದ್ದರು. ಚಹಾ ಕುಡಿದರೆ ತಂಬಿಗೆಯಿಂದ ಅಷ್ಟು ನೀರು ಚೆಲ್ಲುತ್ತಿದ್ದರು, ಮಜ್ಜಿಗೆ ಕೇಳಿದರೆ ಮತ್ತಷ್ಟು. ಮಧ್ಯಾಹ್ನದ ಹೊತ್ತಿಗೆ ತಂಬಿಗೆಯ ತಳ ಕಾಣುತ್ತಿತ್ತು. ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ನಿದ್ದೆಯಲ್ಲೂ ಅಕ್ಕೋಳದ ನಮ್ಮ ಬಾವಿಗೆ ಹಗ್ಗ ಬಿಡುತ್ತಿದ್ದೆ. ಕೊಡ ಮೇಲೆ ಬರುವಷ್ಟರಲ್ಲಿ ಎಚ್ಚರವಾಗುತ್ತಿತ್ತು.

ಸಂಜೆ ಎಮ್ಮೆಗಳಿಗೆ ನೀರು ಕುಡಿಸುವಾಗ ನಾನು ಕೊಟ್ಟಿಗೆಯ ಕಲ್ಲುದೋಣಿಯ ಪಕ್ಕ ಹೋಗಿ ಕೂರುತ್ತಿದ್ದೆ. ಅವು ಮೂತಿ ಇಟ್ಟು ಸೊರ್ ಸೊರ್ ಎಂದು ಎಳೆಯುವುದು, ಗಂಟಲಿನಲ್ಲಿ ಗುಟುಕು ಇಳಿಯುವುದು, ಕುಡಿದಾದ ಮೇಲೆ ಮೂಗಿನಿಂದ ಉಸಿರು ಬಿಡುವುದು, ಎಲ್ಲವನ್ನೂ ಕೇಳುತ್ತಿದ್ದೆ. ಅತ್ತೆ ಒಮ್ಮೆ ನೋಡಿ, "ಏಳವ್ವಾ, ಒಳಗ ನಡಿ" ಎಂದರು. ಹೇಳುವಾಗ ಅವರು ಸೆರಗಿನಿಂದ ಕಣ್ಣು ಒರೆಸಿಕೊಂಡರು.

ಅಥಣಿಯಲ್ಲಿ ನನ್ನ ಪಕ್ಕದ ಹಾಸಿಗೆಯಲ್ಲಿ ಒಬ್ಬ ಹಿರಿಯ ಹೆಂಗಸು ಇರುತ್ತಿದ್ದರು. ರಾಯಬಾಗ ತಾಲೂಕಿನ ಚಿಂಚಲಿಯವರು. ಆಯುಷ್ಯವೆಲ್ಲ ಕುರಿ ಹಿಂದೆ ನಡೆದವರು, ಕಾಯಿಲೆಯಾದ ಮೇಲೆ ಅಥಣಿಯಲ್ಲಿ ಮಗಳ ಮನೆಯಲ್ಲಿದ್ದರು. ನಾನು ಅವರನ್ನು ಆಯಿ ಎನ್ನುತ್ತಿದ್ದೆ. ಅವರದು ನನ್ನಂತೆ ದಣಿದ ಕಿಡ್ನಿಯಲ್ಲ. ವರ್ಷಗಳಿಂದ ಮಷೀನಿನ ಮೇಲೆಯೇ ಬದುಕು. ಮಷೀನಿನ ಸೂಜಿಗೆಂದು ಆಪರೇಷನ್ ಮಾಡಿದ ಎಡತೋಳಿನಲ್ಲಿ ರಕ್ತನಾಳ ಹಗ್ಗದಂತೆ ಉಬ್ಬಿತ್ತು. ನನ್ನ ಬೆರಳನ್ನು ಅದರ ಮೇಲಿಟ್ಟು, "ಮುಟ್ಟ ನೋಡು, ಒಳಗ ಮೋಟರ್ ಓಡಾಕತ್ತೈತಿ" ಎಂದು ನಕ್ಕಿದ್ದರು. ಬಾಯಾರಿಕೆಗೆ ಲವಂಗ ಕಚ್ಚಿಕೊಳ್ಳುವುದನ್ನು ಕಲಿಸಿದವರೂ ಅವರೇ.

"ನೀರಿನ ಮ್ಯಾಲ ಸಿಟ್ಟಾಗಬ್ಯಾಡ ಯವ್ವಾ. ಸಿಟ್ಟಾದಷ್ಟೂ ನೀರಡಿಕಿ ಹೆಚ್ಚ ಆಕೈತಿ."

ಡಯಾಲಿಸಿಸ್‌ಗೆ ರಜೆ ಇರುವುದಿಲ್ಲ. ಸ್ವಾತಂತ್ರ್ಯ ದಿನದ ಬೆಳಿಗ್ಗೆಯೂ ನಾವು ಮಷೀನಿಗೆ ಹತ್ತಿದ್ದೆವು. ಅಂಗಳದಲ್ಲಿ ಧ್ವಜ ಏರಿಸುತ್ತಿದ್ದರು. ಕಿಟಕಿಯಿಂದ ಕಂಬದ ತುದಿಯಷ್ಟೇ ಕಾಣುತ್ತಿತ್ತು. ಜನಗಣಮನ ಶುರುವಾದಾಗ ಮಷೀನು ನೋಡಿಕೊಳ್ಳುವ ಹುಡುಗಿ ಇದ್ದಲ್ಲೇ ನೆಟ್ಟಗೆ ನಿಂತಳು. ಆಯಿಯತ್ತ ತಿರುಗಿದೆ. ಅವರು ಸೂಜಿಯಿಲ್ಲದ ಕೈಯನ್ನು ತೊಡೆಗೆ ಒತ್ತಿ ಹಿಡಿದು, ಚಾದರದ ಕೆಳಗೆ ಎರಡೂ ಕಾಲು ಜೋಡಿಸಿಕೊಂಡು, ಮಲಗಿದಲ್ಲೇ ಸೆಟೆದಿದ್ದರು. ಹಾಡು ಮುಗಿದ ಮೇಲೆ ಮೆಲ್ಲಗೆ ಕೇಳಿದರು: "ನಿಂತಂಗ ಆತಿಲ್ಲೋ?"

"ಆತ್ರಿ ಆಯಿ."

"ನಾ ಸಾಲಿಗೆ ಹೋದಾಕಿ ಅಲ್ಲ. ಕುರಿ ಬಿಟಗೊಂಡ ಹೊರಗ ನಿಂತ ಕೇಳತಿದ್ನಿ. ಒಳಗಿನ ಹುಡುಗೂರು ನಿಂತರ ನಾನೂ ನಿಲ್ಲತಿದ್ನಿ."

ಆ ಕೋಣೆಯಲ್ಲಿ ಇದಕ್ಕೆಲ್ಲ ನಮ್ಮಿಂದ ಯಾರೂ ದುಡ್ಡು ಕೇಳಲಿಲ್ಲ. ಇದು ನನ್ನ ಹಕ್ಕೋ ಭಾಗ್ಯವೋ ಎಂದು ಯೋಚಿಸುತ್ತ ಮಲಗಿರುತ್ತಿದ್ದೆ. ಅಷ್ಟರಲ್ಲಿ ಸಿಸ್ಟರ್ ಬಂದು ಬಿ.ಪಿ. ನೋಡಿ, "ಕಾಲು ಜೋಮು ಹಿಡದೈತೇನ್ರಿ?" ಎಂದು ತಿಕ್ಕಿ ಹೋಗುತ್ತಿದ್ದರು. ಯೋಚನೆ ಅಲ್ಲಿಗೇ ನಿಲ್ಲುತ್ತಿತ್ತು.

ನವರಾತ್ರಿಯ ಸುಮಾರಿಗೆ ಒಂದು ಬೆಳಿಗ್ಗೆ ನನಗೆ ಮೂತ್ರ ಹೆಚ್ಚಾಗಿ ಬಂತು. ಡಾಕ್ಟರು ಅಳೆಯಲು ಹೇಳಿದ್ದರು. ಆಮೇಲಿನ ದಿನಗಳಲ್ಲಿ ನಮ್ಮ ಮನೆಯಲ್ಲಿ ಅದೇ ಮಾತು. ಗಂಡ ಹೊಲದಿಂದ ಫೋನು ಮಾಡಿ ಕೇಳುತ್ತಿದ್ದರು. ಅತ್ತೆ ಓಣಿಗೆಲ್ಲ ಹೇಳುತ್ತಿದ್ದರು. ಸೊಸೆಯ ಎದುರು ಅಂಥ ಮಾತೆತ್ತದ ಮಾವ ಮಾತ್ರ ಪಡಸಾಲೆಯಲ್ಲಿ ಕೆಮ್ಮಿ, "ಇವತ್ತ ಹೆಂಗ?" ಎಂದು ಗೋಡೆಯ ಕಡೆ ನೋಡುತ್ತ ಕೇಳುತ್ತಿದ್ದರು. "ಚಲೋ ಐತ್ರಿ" ಎಂದರೆ ತಲೆಯ ಪಟಕಾ ಸರಿಪಡಿಸಿಕೊಂಡು ಎದ್ದು ಹೋಗುತ್ತಿದ್ದರು.

ರಕ್ತದ ಪರೀಕ್ಷೆ ಸುಧಾರಿಸುತ್ತ ಬಂತು. ಡಯಾಲಿಸಿಸ್ ಕಡಿಮೆ ಮಾಡಿದರು, ಆಮೇಲೆ ನಿಲ್ಲಿಸಿಯೇಬಿಟ್ಟರು. ಕುತ್ತಿಗೆಯ ನಳಿಗೆ ತೆಗೆದ ದಿನ ಆಯಿ ತಮ್ಮ ಹಾಸಿಗೆಯಿಂದಲೇ ನನ್ನ ಕಡೆ ಕೈ ಚಾಚಿ ನೆಟಿಗೆ ಮುರಿದರು. "ಹೊಳ್ಳಿ ಇಲ್ಲಿ ಬರಬ್ಯಾಡ ಯವ್ವಾ" ಎಂದರು. ಬಸ್ಸಿನಲ್ಲಿ ಗಂಡ ಪೇಢೆಯ ಪೊಟ್ಟಣ ಬಿಚ್ಚಿದಾಗ ಅಳು ಬಂತು. ಖುಷಿಗೆ ಅಳುತ್ತಿದ್ದಾಳೆ ಎಂದು ಅವರು ತಿಳಿದರು.

ಆಯಿಯ ಮಾತು ನಾನು ಕೇಳಲಿಲ್ಲ. ದೀಪಾವಳಿ ಕಳೆದ ಮೇಲೆ ಹೋದೆ. ಅವರನ್ನು ನೋಡುವ ಆಸೆ ಬಾಯಾರಿಕೆಯಷ್ಟೇ ಬಲವಾಗಿತ್ತು. ಅವರ ಪಥ್ಯಕ್ಕೆ ಹಣ್ಣು ಒಯ್ಯುವಂತಿಲ್ಲ, ಹಬ್ಬದ ತಿಂಡಿ ಫರಾಳವೂ ಒಯ್ಯುವಂತಿಲ್ಲ. ಬರಿಗೈಯಲ್ಲಿ ಹೋಗಿ ಸ್ಟೂಲಿನ ಮೇಲೆ ಕೂತೆ. ಅವರು ಕುರಿಗಳ ಸುದ್ದಿ, ಮೊಮ್ಮಗಳ ಸುದ್ದಿ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು:

"ಈಗ ಎಷ್ಟ ಬೇಕಾದಷ್ಟ ಕುಡಿಯಾಕ ನಡೀತೈತೇನ?"

"ಹೂಂ ರೀ ಆಯಿ."

"ಹಂಗಾದ್ರ ನನ್ನ ಮುಂದ ಕುಡಿ. ನೋಡತೇನಿ."

ನನ್ನ ಚೀಲದಲ್ಲಿ ಬಾಟಲಿ ಇತ್ತು. ಅದನ್ನು ಅವರ ಕಣ್ಣಿಗೆ ಬೀಳದಂತೆ ಸೆರಗಿನಡಿ ಇಟ್ಟುಕೊಂಡಿದ್ದೆ. "ಬ್ಯಾಡ್ರಿ" ಎಂದೆ. "ಕುಡಿ ಬೇ" ಎಂದು ಗದರಿದರು. ಮುಚ್ಚಳ ತಿರುವಿದೆ. ಆಮೇಲೆ ತಲೆ ಹಿಂದಕ್ಕೆ ಎತ್ತಿ ಗಟಗಟ ಕುಡಿದೆ. ಅವರ ಗಂಟಲೂ ನನ್ನ ಜೊತೆಗೆ ಏರಿ ಇಳಿಯುತ್ತಿತ್ತು. ಮುಗಿದ ಮೇಲೆ ದೀರ್ಘವಾಗಿ ಉಸಿರು ಬಿಟ್ಟು, "ತಂಪ ಆತು" ಎಂದರು.

ಸಂಕ್ರಾಂತಿಯಾದ ಮೇಲೆ, ಮಷೀನಿಲ್ಲದ ಒಂದು ದಿನ, ಮಗಳನ್ನು ಕರೆದುಕೊಂಡು ಅವರೇ ಜುಗೂಳಕ್ಕೆ ಬಂದರು. ಮನೆಯಲ್ಲಿ ಹೆಚ್ಚು ಹೊತ್ತು ಕೂರಲಿಲ್ಲ. ಹೊಳೆ ತೋರಿಸು ಎಂದರು. ಆ ದಿನಗಳಲ್ಲಿ ನೀರು ತಿಳಿಯಾಗಿರುತ್ತದೆ, ತಳದ ಮರಳು ಕಾಣುತ್ತದೆ. ದಂಡೆಯ ಮೆಟ್ಟಿಲ ಮೇಲೆ ಕೂತು ಸೀರೆ ಎತ್ತಿ ಹಿಡಿದು ನನ್ನ ಮುಖ ನೋಡಿದರು. "ಬಾಯಿಗೆ ಅಳತಿ ಐತಿ. ಕಾಲಿಗೇನೂ ಹೇಳಿಲ್ಲಲ್ಲ ಡಾಕ್ಟರ್?" ಎಂದು ಎರಡೂ ಪಾದ ನೀರಿಗಿಳಿಸಿದರು.

ತುಂಬ ಹೊತ್ತು ಕೂತೆವು. ಮೇವಿನ ಕಾಲದಲ್ಲಿ ಕುರಿ ಹೊಡೆದುಕೊಂಡು ಇದೇ ಹೊಳೆಯ ದಂಡೆಗುಂಟ ನಡೆದದ್ದನ್ನು ಹೇಳಿದರು. ಗಂಡ ಮುಂದೆ, ಇವರು ಹಿಂದೆ, ಬಗಲಲ್ಲಿ ಆಗತಾನೆ ಹುಟ್ಟಿದ ಮರಿ. ನೀರು ಸಿಕ್ಕಲ್ಲಿ ಕುರಿಗಳ ನಡುವೆಯೇ ಬೋರಲಾಗಿ ಬಾಯಿ ಇಟ್ಟು ಕುಡಿಯುತ್ತಿದ್ದರಂತೆ. "ಬೊಗಸಿ ಹಿಡಿಯೂ ಅಷ್ಟೂ ಪುರಸೊತ್ತ ಇರತಿದ್ದಿಲ್ಲ" ಎಂದು ಕಾಲಾಡಿಸಿದರು. ಅವರ ಮಗಳು ಬಸ್ಸಿನ ಹೊತ್ತಾಯಿತು ಎಂದು ಎರಡು ಸಲ ಕರೆದಳು. ಮೂರನೆಯ ಸಲ ಕರೆದಾಗ ನನ್ನ ಭುಜ ಹಿಡಿದು ಎದ್ದರು. ಒದ್ದೆ ಕಾಲನ್ನು ಒರೆಸಿಕೊಳ್ಳದೆ ಹಾಗೇ ಚಪ್ಪಲಿ ಮೆಟ್ಟಿ ಬಸ್‌ ಸ್ಟ್ಯಾಂಡಿನವರೆಗೆ ನಡೆದರು.

ಅವರು ಇನ್ನೂ ಅಥಣಿಗೆ ಹೋಗುತ್ತಾರೆ. ನಾನು ಚಿಕ್ಕೋಡಿಯಲ್ಲಿ ಆಗಾಗ ರಕ್ತ ತೋರಿಸಿ ಬರುತ್ತೇನೆ. ಎಲ್ಲ ಸರಿ ಇದೆ ಎನ್ನುತ್ತಾರೆ. ಮತ್ತೆ ಹುಲ್ಲು ಕೊಯ್ಯುತ್ತೇನೆ, ಈಗ ಮೊಣಕಾಲುದ್ದದ ಬೂಟು ಹಾಕಿಕೊಂಡು. ಬೆಳಗಿನ ಬಸ್ಸು ಕಾಗವಾಡದ ಕಡೆ ಹೊರಟ ಸದ್ದು ಹೊಲಕ್ಕೆ ಕೇಳಿಸಿದಾಗ ಕುಡುಗೋಲು ಹಿಡಿದ ಕೈ ಒಂದು ಕ್ಷಣ ನಿಲ್ಲುತ್ತದೆ. ಹತ್ತಬೇಕಾಗಿಲ್ಲ ಎಂಬುದು ನನ್ನ ಪುಣ್ಯ. ಆದರೂ ಹತ್ತಿ ಹೋಗಿ ಆ ಕೋಣೆಯಲ್ಲಿ ಆಯಿಯ ಪಕ್ಕ ಮಲಗಿ ಅವರ ಮಾತು ಕೇಳಬೇಕೆನ್ನಿಸುತ್ತದೆ. ನಾನಿದ್ದ ಹಾಸಿಗೆಗೆ ಈಗ ಯಾರು ಬಂದಿದ್ದಾರೋ, ಕೇಳಿಲ್ಲ.