ಚಿಗವ್ವನ ಟೆಲಿಫೋನ್ ರಸ

ಹೋದ ವಾರ ಬಾಗಲಕೋಟೆಯ ಅಂಗಡಿಯೊಂದರಲ್ಲಿ ಹೊಸ ಪರದೆ ಬಟ್ಟೆಯ ಮಡಿಕೆ ಬಿಚ್ಚಿಸಿದೆ. ಮೂಗಿಗೆ ಒಂದು ಘಾಟು ಬಡಿಯಿತು. ಬೇರೆಯವರಿಗೆ ಅದು ಹೊಸ ಬಟ್ಟೆಯ ವಾಸನೆ. ನನಗೆ ಫಾರ್ಮಾಲಿನ್, ಅಂಗಾಂಶದ ತುಣುಕು ಕೊಳೆಯದಂತೆ ಸೀಸೆಯಲ್ಲಿ ಮುಳುಗಿಸಿಡುವ ದ್ರವ. ಕೊಳ್ಳದೆ ಬಂದೆ. ಅಂಗಡಿಯವ ನನ್ನನ್ನು ಜಿಪುಣಿ ಅಂದುಕೊಂಡಿರಬೇಕು. ಅದೂ ಪೂರ್ತಿ ಸುಳ್ಳಲ್ಲ ಬಿಡಿ.

ಎರಡು ಸಾವಿರದ ಐದರ ಆಚೀಚೆ ನಾನು ಇದೇ ಊರಿನ ಪ್ರಯೋಗಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದೆ. ವಿಷಯ, ಗರ್ಭಕೋಶದ ಬಾಯಿಯ ಅಂಗಾಂಶದಲ್ಲಿ ಟೆಲೊಮರೇಸ್. ಹೆದರಬೇಡಿ, ನನಗೂ ಆ ಹೆಸರು ತೊದಲದೆ ಹೇಳಲು ತಿಂಗಳು ಹಿಡಿಯಿತು. ಜೀವಕೋಶ ಒಡೆದು ಎರಡಾದಾಗಲೆಲ್ಲ ಒಳಗಿನ ವರ್ಣತಂತುಗಳ ತುದಿ ಚೂರುಚೂರೇ ಸವೆಯುತ್ತದೆ. ತೀರಾ ಸವೆದಾಗ ಕೋಶಕ್ಕೆ ಮುಪ್ಪು, ಮತ್ತೆ ಒಡೆಯುವುದಿಲ್ಲ. ಆ ತುದಿಯನ್ನು ಮತ್ತೆ ಕಟ್ಟಿಕೊಡುವ ಕಿಣ್ವವೇ ಟೆಲೊಮರೇಸ್. ಸಾಮಾನ್ಯ ಅಂಗಾಂಶದಲ್ಲಿ ಅದು ಹೆಚ್ಚುಕಡಿಮೆ ಸುಮ್ಮನಿರುತ್ತದೆ. ಕ್ಯಾನ್ಸರ್ ಕೋಶಗಳಲ್ಲಿ ಬಹುಮಟ್ಟಿಗೆ ಎಚ್ಚೆತ್ತಿರುತ್ತದೆ. ಮುಪ್ಪಿಲ್ಲದ ಆ ಕೋಶಗಳು ಬೆಳೆಯುತ್ತಲೇ ಹೋಗುತ್ತವೆ.

ಇಳಕಲ್ಲಿನಲ್ಲಿ ನಮ್ಮ ಚಿಗವ್ವ, ಎಂದರೆ ಅವ್ವನ ತಂಗಿ, ಮಗನ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಒಂದು ಭಾನುವಾರ ಹೋದಾಗ ನನ್ನ ಓದಿನ ಬಗ್ಗೆ ಕೇಳಿದಳು. ಅವಳ ಕೈಯಲ್ಲಿದ್ದ ನೂಲಿನ ತುದಿಯನ್ನೇ ತೋರಿಸಿ ವಿವರಿಸಿದೆ.

“ಹಂಗಂದ್ರ ಈ ಟೆಲಿಫೋನ್ ರಸ ಇದ್ರ ಮುಪ್ಪ ಬರೂದಿಲ್ಲೇನು?”

“ಬರೂದಿಲ್ಲ ಚಿಗವ್ವ.”

ಮುಪ್ಪಿಲ್ಲದ್ದು ಕ್ಯಾನ್ಸರ್ ಕೋಶಕ್ಕೆ ಎನ್ನುವ ಉಳಿದರ್ಧ ಹೇಳಲಿಲ್ಲ. ಹುನಗುಂದದ ಮೇಲೆ ಹೋಗುವ ಬಸ್ಸಿಗೆ ಹೊತ್ತಾಯಿತು ಎಂದು ಎದ್ದೆ. ಬಸ್ಸು ನೆಪ. ಮಗ್ಗದಲ್ಲಿ ಅವಳ ಮಗ ಕೂತಿದ್ದ. ಅವನೆದುರು ಗರ್ಭಕೋಶದ ಮಾತೆತ್ತಲು ನಾಚಿಕೆಯಾಯಿತು. ಅದರ ಮೇಲೆಯೇ ಪುಟಗಟ್ಟಲೆ ಬರೆಯುತ್ತಿದ್ದ ಪಂಡಿತೆ ನಾನು!

ಕೆಲವು ತಿಂಗಳಿಗೆ ಮೊಬೈಲಿನಲ್ಲಿ ಮಾತಾಡಿದಳು. “ನಿನ್ನ ರಸ ನನಗೂ ಬಂದೈತಿ ನೋಡವಾ. ನಾ ಮತ್ತ ಹೊರಗ ಕುಂತೇನಿ!” ದನಿಯಲ್ಲಿ ನಗು.

“ಥಂಡಿ ಭಾಳ ಐತಿ, ಒಳಗ ಹೋಗಿ ಕುಂಡ್ರು,” ಎಂದೆ.

ನಮ್ಮ ಕಡೆ ಮುಟ್ಟಾದವಳನ್ನು ‘ಹೊರಗ ಕುಂತಾಳ’ ಅನ್ನುತ್ತಾರೆ. ನಾನೂ ಹಾಗೇ ಹೇಳಿ ಬೆಳೆದವಳು. ಆದರೆ ಚಿಗವ್ವನಿಗೆ ಮುಟ್ಟು ನಿಂತು ಆರು ವರ್ಷವಾಗಿತ್ತು. ಕಟ್ಟೆಯ ಮೇಲೆ ಗಾಳಿಗೆ ಕೂತಿದ್ದಾಳೆ ಎಂದೇ ತಿಳಿದೆ. ನಿಂತ ಮೇಲೆ ಮತ್ತೆ ರಕ್ತ ಕಂಡರೆ ಹರೆಯ ಬಂತು ಎಂದಲ್ಲ, ತಡಮಾಡದೆ ದವಾಖಾನೆಗೆ ಓಡಬೇಕು ಎನ್ನುವುದನ್ನು ಅವಳಿಗೆ ಹೇಳಬೇಕಾದವಳು ನಾನೇ ಆಗಿದ್ದೆ.

ಎಂಟು ತಿಂಗಳ ಮೇಲೆ ಸೊಸೆ ಅವಳನ್ನು ಬಾಗಲಕೋಟೆಗೆ ಕರೆತಂದಳು. “ನಾ ಮೊದ್ಲ ಹೋಗೂಣು ಅಂದಿದ್ನಿರಿ ಅಕ್ಕಾರ,” ಎಂದಳು ಆ ಹುಡುಗಿ. “ಅತ್ತಿ ಕೇಳಲಿಲ್ಲ. ಕಲತಾಕಿಗೆ ಹೇಳೇನಿ, ಥಂಡ್ಯಾಗ ಕುಂಡ್ರಬ್ಯಾಡ ಅಂದಾಳ, ಅಷ್ಟ, ಅಂದ್ರು.”

ಅಂದೇ ಅವಳನ್ನು ದವಾಖಾನೆಗೆ ಸೇರಿಸಿದೆ.

ಗರ್ಭಕೋಶದ ಬಾಯಿಯಿಂದ ಪರೀಕ್ಷೆಗೆ ತೆಗೆದ ತುಣುಕಿನಲ್ಲಿ ಒಂದಿಷ್ಟನ್ನು ಚಿಗವ್ವ ತಾನಾಗಿಯೇ ನನಗೆ ಕೊಡಿಸಿದಳು. “ನಿನ್ನ ಓದಿಗೆ ಬಂದೀತು, ತಗೋ.” ನನ್ನ ಪಟ್ಟಿಯಲ್ಲಿ ಅದು ಒಂದು ನಂಬರು, ಮುಂದೆ ಒಂದು ಕೂಡಿಸುವ ಗುರುತು, ಎಂದರೆ ಟೆಲೊಮರೇಸ್ ಇದೆ.

“ಐತೇನವಾ ರಸ?” ಎಂದು ಹಾಸಿಗೆಯಿಂದಲೇ ಕೇಳಿದಳು.

“ಐತಿ ಚಿಗವ್ವ. ಭಾಳ ಐತಿ.”

“ಮತ್ತ ನಾ ಯಾಕ ಸೊರಗಾಕತ್ತೇನಿ?”

ಅಂದು ನುಂಗಿದ್ದ ಅರ್ಧವನ್ನು ಆಗ ಹೇಳಿದೆ. “ಹೌದಾ,” ಎಂದು ಮಗ್ಗುಲಾದಳು. ಬೈದಿದ್ದರೆ ಚಲೋ ಇತ್ತು. ಮುಂದಿನ ಯುಗಾದಿಗೆ ಅವಳಿರಲಿಲ್ಲ. ಎಂಟು ತಿಂಗಳು ಮೊದಲೇ ಬಂದಿದ್ದರೆ ಉಳಿಯುತ್ತಿದ್ದಳೇ? ಆಣೆ ಮಾಡಿ ಯಾರೂ ಹೇಳಲಾರರು. ಆ ಎಂಟು ತಿಂಗಳನ್ನು ಕಳೆದವಳು ಮಾತ್ರ ನಾನು.

ಈಗ ಬಳಗದಲ್ಲಿ ನನಗೆ ನಾಚಿಕಿಗೇಡಿ ಎಂದು ಹೆಸರು. ಮದುವೆ ಮನೆಯಲ್ಲಿ ಹಿರಿಯ ಹೆಂಗಸರು ನನ್ನ ಪಕ್ಕದ ಕುರ್ಚಿ ಬಿಟ್ಟು ಏಳುತ್ತಾರೆ. ಕೇಳುವ ಪ್ರಶ್ನೆ ಹಾಗಿದೆ; ಸುತ್ತುಬಳಸು ಇಲ್ಲ. ಬಟ್ಟೆ ಕೊಳ್ಳದೆ ಬಂದ ಆ ಸಂಜೆ ಬಾಜೂ ಮನೆಯ ಕಾಕು ಸಿಕ್ಕರು. ಅರವತ್ತರ ಹತ್ತಿರದ ಹೆಂಗಸು. “ಮುಟ್ಟ ನಿಂತಮ್ಯಾಲ ಮತ್ತ ರಕ್ತ ಕಂಡೈತೇನ್ರಿ?” ಎಂದೆ.

“ಅಯ್ಯ, ಅದನ್ನೆಲ್ಲಾ ಹಿಂಗ ಬಾಯಿಬಿಟ್ಟ ಕೇಳ್ತಾರೇನವಾ?” ಎಂದು ಸೆರಗು ಹೊದ್ದುಕೊಂಡು ಅತ್ತ ತಿರುಗಿದರು.

ನಾನೂ ಅತ್ತಲೇ ಹೋಗಿ ನಿಂತೆ. ಇನ್ನೊಮ್ಮೆ ಕೇಳಿದೆ.