ಅಲುಗದ ಗೆರೆ

ಮೇಡಂ ಅವರ ಎಡ ಮುಂಗೈ ಮೇಲೆ ಸದಾ ಬಿಳಿ ಟೇಪಿನ ತುಂಡುಗಳು ಸಾಲಾಗಿ ಅಂಟಿಕೊಂಡಿರುತ್ತಿದ್ದವು. ವಿದ್ಯಾರ್ಥಿಗಳ ಬೆರಳಿಗೆ ವೈರು ಅಂಟಿಸಲೆಂದು ಮೊದಲೇ ಕತ್ತರಿಸಿಟ್ಟುಕೊಂಡವು. ಮನೆಗೆ ಹೊರಟಾಗಲೂ ಒಂದೆರಡು ಹಾಗೇ ಉಳಿದಿರುತ್ತಿದ್ದವು.

ನಾನು ಸೈನ್ಯದ ಉಗ್ರಾಣದಲ್ಲಿ ದುಡಿದು ಬಂದವನು. ಆಮೇಲೆ ರಾಮನಗರದ ಒಂದು ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಯೋಗಾಲಯ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಎಂಟೂವರೆಗೆ ಬೀಗ ತೆಗೆಯುವುದು, ವೈರು ಒರೆಸಿ ಸುತ್ತಿಡುವುದು, ಯಾರನ್ನೂ ಸುಲಭಕ್ಕೆ ನಂಬದಿರುವುದು ನನ್ನ ಕ್ರಮ. ಅಲ್ಲಿ ಪಾಠ ಹೇಳುತ್ತಿದ್ದ ಮೇಡಂ ತರಿಸಿದ ಯಂತ್ರವನ್ನೂ ನಂಬಲಿಲ್ಲ. ಅದು ಗಾಬರಿಯಾದಾಗ ಬೆರಳಿನಲ್ಲಿ ಮೂಡುವ ಬೆವರು ಹಿಡಿದು ಕಂಪ್ಯೂಟರಿನಲ್ಲಿ ಗೆರೆ ಎಳೆಯುತ್ತಿತ್ತು. ಬೆವರು ಅಳೆಯುವುದೂ ಒಂದು ಪಾಠವೇ?

ಪ್ರತಿ ವರ್ಷ ಅವರು ಮೊದಲು ತಮ್ಮ ಬೆರಳಿಗೇ ವೈರು ಅಂಟಿಸಿಕೊಂಡು, "ಏನು ಬೇಕಾದರೂ ಕೇಳಿ" ಎನ್ನುತ್ತಿದ್ದರು. ಒಮ್ಮೆ ಮಾಗಡಿ ಕಡೆಯ ವಿದ್ಯಾರ್ಥಿಯೊಬ್ಬ ಎದ್ದ.

"ಮೇಡಂ, ನೀವು ಯಾವತ್ತಾರ ಕಾಪಿ ಹೊಡ್ದಿದ್ರಾ?"

ಗೆರೆ ಜಿಗಿಯಿತು. ತರಗತಿ ಹೋ ಎಂದಿತು.

"ಸಿಕ್ಕಾಕೊಂಡೆ ಅಂದ್ಕೊಂಡ್ರಾ? ಬೆವರೋಕೆ ನೂರು ಕಾರಣ ಕಣ್ರಪ್ಪ. ಅದನ್ನ ಹುಡುಕೋದೇ ನಿಮ್ಮ ಕೆಲಸ" ಎಂದು ನಕ್ಕರು. ಹೊಡೆದೇ ಇರಬೇಕು ಎಂದುಕೊಂಡೆ ನಾನು.

ಅದೇ ತರಗತಿಯಲ್ಲಿ ಕನಕಪುರ ಕಡೆಯ ಹುಡುಗಿಯೊಬ್ಬಳಿದ್ದಳು. ಹಿಂದಿನಿಂದ ಬಲೂನ್ ಒಡೆದು, ಬೆಚ್ಚಿದಾಗ ಗೆರೆ ಎಷ್ಟು ಏರುತ್ತದೆಂದು ದಾಖಲಿಸುವುದು ಆ ವಾರದ ಪ್ರಯೋಗ. 'ತುಂಬಾ ಬೆಚ್ಚಿದೆ' ಎಂದು ಅವಳು ಬರೆದಿದ್ದಳು. ಪಕ್ಕದಲ್ಲಿ ಅಂಟಿಸಿದ ಗೆರೆ ಮಾತ್ರ ಚಪ್ಪಟೆ. ವೈರು ಹಾಕಿಕೊಳ್ಳದೆ ಯಂತ್ರ ಓಡಿಸಿರಬೇಕು, ಇಲ್ಲವೇ ಬೆರಳಿಗೆ ಗೋಂದು ಬಳಿದಿರಬೇಕು. ಸುಳ್ಳು ದಾಖಲೆ ಬರೆದ ಇವಳನ್ನು ಪರೀಕ್ಷೆಗೆ ಕೂರಿಸಬಾರದೆಂದು ದೂರು ಬರೆದು ಮೇಡಂ ಕೈಗಿಟ್ಟೆ. ಒಂದು ವರ್ಷ ಹೋದರೆ ಮನೆಯವರು ಕಾಲೇಜೇ ಬಿಡಿಸುತ್ತಾರೆಂದು ಗೊತ್ತಿದ್ದೂ ಬರೆದೆ.

ಮರುದಿನ ಮೇಡಂ ಅವಳನ್ನು ಕರೆದು, "ನಿನ್ನ ಗೆರೆ ಮೇಲೆ ದೂರು ಬಂದಿದೆ. ಮತ್ತೆ ಮಾಡೋಣ" ಎಂದರಷ್ಟೇ. ವೈರುಗಳನ್ನು ನಾನು ಎರಡು ಸಲ ಪರೀಕ್ಷಿಸಿದೆ. ಬಲೂನ್ ಒಡೆಯಿತು. ಹುಡುಗಿ ಕುರ್ಚಿಯಲ್ಲೇ ಹಾರಿಬಿದ್ದಳು, ಗೆರೆ ಅಲುಗಲಿಲ್ಲ. ಮೇಡಂ ಅವಳ ಬೆರಳ ತುದಿಗಳನ್ನು ಸವರಿ ನೋಡಿದರು.

"ಇದೇನಮ್ಮ, ಇಷ್ಟೊಂದು ಒರಟು?"

"ಮನೇಲಿ ರೇಷ್ಮೆ ನೂಲು ಬಿಚ್ತೀವಿ ಮೇಡಂ. ದಿನಾ ಬೆಳಿಗ್ಗೆ ಬಿಸಿನೀರಲ್ಲಿ ಕೈಯಿಟ್ಟು ಗೂಡಿನ ಎಳೆ ತೆಗ್ದುಬುಟ್ಟೇ ಬರೋದು. ಚರ್ಮ ಸತ್ತೋಗೈತೆ."

"ಮೊದಲೇ ಯಾಕೆ ಹೇಳಲಿಲ್ಲ?"

"ಕೈ ವಾಸ್ನೆ ಅಂತ ಆಗ್ಲೇ ನಗ್ತಾರೆ. ಇದ್ನೂ ಹೇಳ್ಲಾ?"

ಮೇಡಂ ಸೆರಗು ಸಿಕ್ಕಿಸಿಕೊಂಡು ನೆಲದ ಮೇಲೆ ಕುಳಿತರು. "ಕಾಲು ಕೊಡು."

"ಅಯ್ಯೋ, ನೀವು ನನ್ ಕಾಲು ಮುಟ್ಟೋದಾ? ಬ್ಯಾಡಿ ಮೇಡಂ!"

"ಅಂಗಾಲೂ ಬೆವರುತ್ತೆ ಕಣೇ. ಸುಮ್ನೆ ಕೂತ್ಕೊ."

ಅಂಗಾಲಿಗೆ ವೈರು ಅಂಟಿಸಿದರು. ಎರಡನೆಯ ಬಲೂನ್ ಒಡೆದಾಗ ಗೆರೆ ಪರದೆಯ ಮೇಲಂಚು ಮುಟ್ಟಿತು.

ಅವಳು ಪರೀಕ್ಷೆಗೆ ಕುಳಿತಳು, ತೇರ್ಗಡೆಯಾದಳು. ಮೇಡಂ ನನಗೆ ಹೇಳಿದ್ದು ಇಷ್ಟೇ: "ನೀವು ಗೆರೆ ನೋಡಿದ್ರಿ. ಕೈ ನೋಡ್ಬೇಕಿತ್ತು."

ಹೋದ ವರ್ಷ ಮೇಡಂ ತೀರಿಕೊಂಡರು. ಅಂತಿಮ ದರ್ಶನಕ್ಕೆ ಅವಳೂ ಬಂದಿದ್ದಳು. ಈಗ ಚನ್ನಪಟ್ಟಣದಲ್ಲಿ ಪಾಠ ಹೇಳುತ್ತಾಳೆ. ನನ್ನ ಕೈ ಹಿಡಿದು ಅತ್ತಳು.

"ಅವತ್ತು ಚಾಡಿ ಹೇಳ್ದೋರು ಯಾರು ಅಂತ ಮೇಡಂ ಕೊನೇವರ್ಗೂ ಬಾಯಿ ಬಿಡ್ಲಿಲ್ಲ ಸಾ. ಅವ್ರೂ, ವೈರು ಎರಡೆರಡು ಸಲ ನೋಡ್ದ ನೀವೂ ಇಲ್ದಿದ್ರೆ ನನ್ ಓದು ಅಲ್ಲಿಗೇ ಮುಗ್ದೋಗಿರೋದು."

ಸುತ್ತ ಜನವಿದ್ದಾರೆ ಎಂಬ ನೆಪ ಹೂಡಿ ಸುಮ್ಮನೆ ತಲೆಯಾಡಿಸಿದೆ. ಮೇಡಂ ಮುಚ್ಚಿಟ್ಟದ್ದನ್ನು ಈಗ ನಾನೇ ಬರೆಯುತ್ತಿದ್ದೇನೆ, ಓದಮ್ಮ: ಆ ದೂರು ನನ್ನದು.