ಸುನಿಲ್ದಾ ಕಿತ್ತ ತಗಡುಗಳು

ಸುನಿಲ್ದಾ ನಾವಿಲ್ ಎಂದರೆ, ಯಾರೇ ರೊಟ್ಟಿ ಕೊಟ್ಟರೂ ಮೊದಲು ಮೂಸಿ ನೋಡುವ ಹೆಂಗಸು. ಮೂವತ್ತು ವರ್ಷ ನಾನು ಅವಳ ಒಲೆಯ ಮುಂದೆ ಕೂತಿದ್ದೇನೆ, ನನ್ನ ಮಗಳನ್ನು ದೀಕ್ಷಾಸ್ನಾನಕ್ಕೆ ಎತ್ತಿಕೊಂಡವಳೂ ಅವಳೇ. ಆದರೂ ನಾನು ಎದ್ದು ಹೋದ ಮೇಲೆ ಚಮಚ ಎಣಿಸುತ್ತಾಳೆಂದು ನನಗೆ ಗೊತ್ತು. ಮಗುವಿನಿಂದ ಹೀಗೆ ನಂಟಾದವರು ನಮ್ಮಲ್ಲಿ ಒಬ್ಬರನ್ನೊಬ್ಬರು ಕೊಮಾದ್ರೆ ಎಂದು ಕರೆಯಬೇಕು, 'ನೀವು' ಎಂದೇ ಮಾತಾಡಬೇಕು, ಬೈಯುವಾಗಲೂ.

ಈ ಅನುಮಾನ ಅವಳಿಗೆ ಸುಮ್ಮನೆ ಬಂದದ್ದಲ್ಲ. ಅವಳು ಒಂಬತ್ತು ವರ್ಷದವಳಿದ್ದಾಗ ಮರದ ಕಂಪನಿಯವರು ಬಂದರು. ಟೋಪಿ ತೆಗೆದು ಮರ್ಯಾದೆ ತೋರಿಸಿದರು, ಅವಳಪ್ಪ ನೀರಲ್ಲಿ ಕಲಸಿಕೊಟ್ಟ ಹುರಿಹಿಟ್ಟು ಕುಡಿದರು, ಹೋಗುವಾಗ ಬೆಟ್ಟದ ದೊಡ್ಡ ಮರಗಳಿಗೆಲ್ಲ ಒಂದೊಂದು ತಗಡು ಹೊಡೆದರು. ಬರೀ ಎಣಿಕೆಗೆ ಎಂದರು. ಮುಂದಿನ ಬೇಸಿಗೆ ಕಳೆಯುವಷ್ಟರಲ್ಲಿ ತಗಡಿದ್ದ ಮರವೂ ಇಲ್ಲ, ಇಲ್ಲದ ಮರವೂ ಇಲ್ಲ. ಈಗ ಅಲ್ಲಿರುವುದು ನೀಲಗಿರಿ ತೋಪು. ತೊರೆ ಬತ್ತಿತು, ಬೋಕಿ ಬಳ್ಳಿ ಮತ್ತೆ ಚಿಗುರಲಿಲ್ಲ. ಹಳೇ ಕಾಡಿನ ನೆರಳು, ತೇವ ಇಲ್ಲದ ಕಡೆ ಆ ಬಳ್ಳಿ ಬದುಕುವುದಿಲ್ಲ. ನಮ್ಮ ಕರಾವಳಿಯ ಹೆಂಗಸರು ಬುಟ್ಟಿ ಹೆಣೆಯುವುದು ಅದರಿಂದಲೇ. ಅದು ತಪ್ಪಿದರೆ ನಮಗೆ ಆಲೂಗಡ್ಡೆ ಮತ್ತು ಕಡಲಪಾಚಿ, ಅಷ್ಟೇ.

ಹಳೇ ಕಾಡು ಉಳಿದಿದ್ದ ಇನ್ನೆರಡು ಬೆಟ್ಟಗಳನ್ನು ಐದು ವರ್ಷದ ಹಿಂದೆ ಒಂದು ಸಂಸ್ಥೆ ಕೊಂಡುಕೊಂಡಿತು. ಅದರ ಕಡೆಯಿಂದ ಬಂದವಳು ಮಕಾರೆನಾ, ವಾಲ್ದಿವಿಯಾ ಪೇಟೆಯ ಹುಡುಗಿ, ಕಾಡು ಓದಿಕೊಂಡವಳು. ದೂರದೇಶದ ಜನ ದಾನವಾಗಿ ಕೊಟ್ಟ ದುಡ್ಡಿನಲ್ಲಿ ಕೊಂಡದ್ದು, ಒಂದು ಮರವನ್ನೂ ಕಡಿಯುವುದಿಲ್ಲ ಎಂದು ಶಾಲೆಯಲ್ಲಿ ನಮ್ಮನ್ನೆಲ್ಲ ಕೂರಿಸಿ ಹೇಳಿದಳು.

"ಅವರು ಈ ಕಾಡು ನೋಡಿದ್ದಾರಾ?" ಎಂದು ಕೇಳಿದಳು ಸುನಿಲ್ದಾ.

"ಇಲ್ಲ, ದೊನ್ಯಾ ಸುನಿಲ್ದಾ. ಹೆಚ್ಚಿನವರು ನೋಡಿಲ್ಲ." ಹಿರಿಯರನ್ನು ಕರೆಯುವ ಹಾಗೆ ದೊನ್ಯಾ ಎಂದೇ ಕರೆದಳು ಮಕಾರೆನಾ.

"ನೋಡದ ಕಾಡಿಗೆ ದುಡ್ಡು ಕೊಟ್ರು. ಕಡಿಯಲ್ಲ, ಮಾರಲ್ಲ. ಮತ್ತೆ ಅವರಿಗೇನು ಸಿಗುತ್ತೆ?"

"ಏನೂ ಇಲ್ಲ. ಕಾಡು ಉಳಿದ್ರೆ ಸಾಕು ಅಂತ."

"ನನ್ನ ತಲೆ ಬೆಳ್ಳಗಾಗಿದೆ ಮಗಳೇ. ಬೆಣ್ಣೆ ಹಚ್ಚೋಕೆ ಬೇರೆ ತಲೆ ನೋಡು."

ಬಳ್ಳಿ ತರಲು ಕಾಡಿಗೆ ಹೋಗುವವರು ಒಂದು ಕಾಗದಕ್ಕೆ ಸಹಿ ಹಾಕಬೇಕಿತ್ತು. ನೆಲದ ಮೇಲೆ ಹರಿದದ್ದನ್ನು ಮಾತ್ರ ಎಳೆಯುತ್ತೇವೆ, ಮರ ಹತ್ತಿದ್ದನ್ನು ಮುಟ್ಟುವುದಿಲ್ಲ ಎಂದು. ನಮ್ಮ ಅಜ್ಜಿಯರು ಹೇಳಿಕೊಟ್ಟದ್ದನ್ನೇ ನಮಗೆ ಓದಿ ಹೇಳಿದರು! ಹದಿನಾಲ್ಕು ಜನ ಸಹಿ ಹಾಕಿದೆವು, ನಾನೂ ಹಾಕಿದೆ. ಸುನಿಲ್ದಾಗೆ ಓದು ಬಾರದು, ಹೆಬ್ಬೆಟ್ಟನ್ನೂ ಒತ್ತಲಿಲ್ಲ. ಆದರೂ ಕಾಡಿಗೆ ಹೋಗುತ್ತಿದ್ದಳು. ಮಕಾರೆನಾ ಕಂಡೂ ಕಾಣದಂತೆ ಇದ್ದಳು.

ಹೋದ ವರ್ಷ ಚಳಿಗಾಲ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಸುನಿಲ್ದಾ ನಮ್ಮ ಮನೆಗೆ ಬಂದಳು. ಬುಟ್ಟಿಯಲ್ಲಿದ್ದ ಬಳ್ಳಿಯ ಕೆಳಗಿಂದ ಒಂದು ತಗಡು ತೆಗೆದು ಮೇಜಿನ ಮೇಲಿಟ್ಟಳು.

"ಓದಿ, ಕೊಮಾದ್ರೆ. ದೊಡ್ಡ ಮರಗಳಿಗೆಲ್ಲ ಮತ್ತೆ ತಗಡು ಹೊಡೆದಿದ್ದಾರೆ, ಇದೊಂದು ಮೊಳೆ ಸಡಿಲಾಗಿ ಕೆಳಗೆ ಬಿದ್ದಿತ್ತು."

ಮೇಲೆ ಒಂದು ಸಂಖ್ಯೆ, ಕೆಳಗೆ ಪರದೇಶದ ಒಬ್ಬನ ಹೆಸರು, ನಡುವೆ ನನಗೆ ತಿಳಿಯದ ಭಾಷೆಯ ಮೂರು ಮಾತು.

"ಮರ ಕೊಂಡವರ ಹೆಸರೇ ಇರಬೇಕು," ಎಂದೆ.

ಇರಬೇಕು ಎಂದದ್ದು ನಾನು. ಅವಳು ಕೇಳಿಸಿಕೊಂಡದ್ದು ಹೌದು ಎಂದೇ.

ಮಾರನೆಯ ದಿನ ಇಬ್ಬರೂ ಹೋದೆವು. ಸುನಿಲ್ದಾ ಕುಳ್ಳಿ, ತಗಡು ಹೊಡೆದದ್ದು ಆಳೆತ್ತರಕ್ಕಿಂತ ಮೇಲೆ. ನಾನು ಉದ್ದನೆಯವಳು. ನಾಲ್ಕು ಜನ ಕೈ ಹಿಡಿದರೂ ಸುತ್ತು ಸಿಗದ ಮರಗಳ ಬೇರಿನ ಮೇಲೆ ನಿಂತು, ಕೊಡಲಿಯ ಹಿಂಬದಿಯಿಂದ ಒಂದೊಂದನ್ನೇ ಮೀಟಿ ಕಿತ್ತೆ. ಅವಳು ಕೆಳಗೆ ಬುಟ್ಟಿ ಹಿಡಿದು ನಿಂತಳು. ಒಟ್ಟು ಹತ್ತೊಂಬತ್ತು. ಅಂದು ನನಗೆ ಅಳುಕಿರಲಿಲ್ಲ, ಸಿಟ್ಟಿತ್ತು. ಒಳ್ಳೆಯ ಕೆಲಸ ಮಾಡುತ್ತಿದ್ದೇನೆಂಬ ಜಂಬವೂ ಇತ್ತು.

ಎರಡು ವಾರಕ್ಕೆ ಮಕಾರೆನಾ ಶಾಲೆಯಲ್ಲಿ ಸಭೆ ಕರೆದಳು. ಮುಖ ಸಪ್ಪಗಿತ್ತು. ತಗಡು ಕಿತ್ತವರಿಗೂ ಜೊತೆಗಿದ್ದವರಿಗೂ ಮೂರು ವರ್ಷ ಕಾಡಿಗೆ ಕಾಲಿಡುವಂತಿಲ್ಲ, ಯಾರೆಂದು ತಿಳಿಯುವ ತನಕ ಒಬ್ಬ ಹೆಂಗಸನ್ನೂ ಒಳಗೆ ಬಿಡಕೂಡದು ಎಂದು ಮೇಲಿನವರು ಹೇಳಿದ್ದಾರಂತೆ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಕ್ಕಪಕ್ಕ ಕೂತು ಹೆಣೆಯುವವರ ಕಣ್ಣಲ್ಲೂ ಅನುಮಾನ.

ಸುನಿಲ್ದಾ ಎದ್ದಳು. ಬುಟ್ಟಿಯನ್ನು ಮೇಜಿನ ಮೇಲೆ ಬೋರಲು ಹಾಕಿದಳು. ತಗಡುಗಳು ಖಣಖಣ ಎಂದು ಬಿದ್ದವು.

"ನಾನೇ ಕಿತ್ತದ್ದು. ಈಗ ಹೇಳು, ಯಾರಿಗೆ ಮಾರಿದ್ರಿ?"

ಮಕಾರೆನಾ ಒಂದನ್ನು ಎತ್ತಿಕೊಂಡಳು. "ಮಾರಿಲ್ಲ, ದೊನ್ಯಾ ಸುನಿಲ್ದಾ. ಇವು ದಾನ ಕೊಟ್ಟವರು ಬರೆಸಿದ ಹೆಸರುಗಳು. ಇದು ಒಬ್ಬ ಅಜ್ಜಿ ತೀರಿಹೋದ ಗಂಡನ ನೆನಪಿಗೆ ಅಂತ ಬರೆಸಿದ್ದು. ಈ ಮರಾನ ಯಾವತ್ತೂ ಕಡಿಬಾರದು ಅಂತ."

ನೆನಪಿಗೆ. ತಗಡಿನ ಆ ಮೂರು ಮಾತಿನ ಅರ್ಥ ಅದಾಗಿತ್ತು. ನನ್ನ ಕಿವಿ ಬಿಸಿಯಾಯಿತು.

ಸುನಿಲ್ದಾ ಸೋಲಲಿಲ್ಲ. "ಕಡಿಬಾರದ ಮರಕ್ಕೆ ಮೊಳೆ ಯಾಕಮ್ಮ? ಇಲ್ಲಿ ಮರಕ್ಕೆ ತಗಡು ಹೊಡೆದವರೆಲ್ಲ ಕಡಿದೇ ಹೋಗಿರೋದು. ಒಂದು ಮಾತು ಕೇಳಿದ್ದಿದ್ರೆ ಹೇಳ್ತಿದ್ವಿ."

ಮಕಾರೆನಾ ತಲೆ ತಗ್ಗಿಸಿದಳು. "ನಮಗೆ ಅದು ಹೊಳೀಲೇ ಇಲ್ಲ," ಎಂದಳು. ಆಮೇಲೆ, ಕೇಳಲೇಬೇಕಾದ್ದರಿಂದ, ಕೇಳಿದಳು: "ಇಷ್ಟು ಎತ್ತರದಿಂದ ನೀವೊಬ್ರೇ ಹೇಗೆ ಕಿತ್ರಿ? ಜೊತೆಗೆ ಯಾರಿದ್ರು?"

ಸುನಿಲ್ದಾ ಸೊಂಟಕ್ಕೆ ಕೈ ಕೊಟ್ಟು ಸಭೆಯತ್ತ ತಿರುಗಿದಳು. "ಕೋಲಿನ ತುದಿಗೆ ಕೊಡಲಿ ಕಟ್ಟಿ ಕಿತ್ತೆ. ಜೊತೆಗೆ ಯಾರನ್ನ ಕರ್ಕೊಂಡು ಹೋಗ್ಲಿ? ನಾನು ಯಾರನ್ನ ನಂಬ್ತೀನಿ ಅಂತ ಇವರನ್ನೇ ಕೇಳು."

ಶಾಲೆಯಿಡೀ ಗೊಳ್ಳೆಂದು ನಕ್ಕಿತು. "ಇವಳಾ? ತನ್ನ ನೆರಳನ್ನೂ ನಂಬಲ್ಲ!" ಎಂದು ಯಾರೋ ಕೂಗಿದರು. ಮಕಾರೆನಾಗೂ ನಂಬಿಕೆ ಬಂತು. ನಾನೂ ನಕ್ಕೆ. ಎಲ್ಲರಿಗಿಂತ ಜೋರಾಗಿ ನಕ್ಕೆನೋ ಏನೋ.

ಮರುದಿನದಿಂದ ನಾವು ಹದಿನಾಲ್ಕು ಜನ ಕಾಡಿಗೆ ಹೋದೆವು. ಅವಳಿಗೆ ಮಾತ್ರ ಮೂರು ವರ್ಷ ಕಾಡಿಲ್ಲ. ಮಕಾರೆನಾ ಹೆಸರುಗಳನ್ನೆಲ್ಲ ದಾರಿಯ ಬದಿಯ ಹಲಗೆಯೊಂದರ ಮೇಲೆ ಬರೆಸಿದಳು, ಮರಗಳಿಗೆ ಮತ್ತೆ ಮೊಳೆ ಬೀಳಲಿಲ್ಲ. ವಾರಕ್ಕೊಮ್ಮೆ ನಾನು ತಂದ ಬಳ್ಳಿಯಲ್ಲಿ ಅರ್ಧವನ್ನು ಸುನಿಲ್ದಾಳ ಬಾಗಿಲಿಗೆ ಮುಟ್ಟಿಸುತ್ತೇನೆ. ಅವಳು ಒಂದೊಂದನ್ನೂ ಬಾಗಿಸಿ ನೋಡುತ್ತಾಳೆ. "ಇದು ಮರ ಹತ್ತಿದ್ದು ಅಲ್ವಲ್ಲ?" ಎಂದು ಕೇಳುತ್ತಾಳೆ. ಅರವತ್ತು ವರ್ಷ ಬಳ್ಳಿ ಎಳೆದ ಕೈ ಈಗ ನಾನು ತಂದದ್ದಕ್ಕೆ ಕಾದು ಕೂರುವುದನ್ನು ನೋಡಲು ನನಗೆ ಕಷ್ಟವಾಗುತ್ತದೆ.

ಕಳೆದ ಭಾನುವಾರ ತಡೆಯಲಾರದೆ ಕೇಳಿಬಿಟ್ಟೆ. "ಕೊಮಾದ್ರೆ, ಅವತ್ತು ನನ್ನ ಹೆಸರು ಯಾಕೆ ಹೇಳಲಿಲ್ಲ?"

ಅವಳು ಬಳ್ಳಿಯ ಸಿಪ್ಪೆ ಸುಲಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ, ತಲೆಯನ್ನೂ ಎತ್ತಲಿಲ್ಲ.

"ನೀವೇ ಎದ್ದು ಹೇಳ್ತೀರೇನೋ ಅಂತ ಕಾದೆ," ಎಂದಳು.